ಪೆನ್ನು ಮುಟ್ಟದ ಭಾಮಾಬಾಯಿ

ಭಾಮಾಬಾಯಿಯ ಅಕ್ಷರ ದುಂಡಗಿತ್ತು, ವಾಕ್ಯ ನೆಟ್ಟಗಿತ್ತು. ಇದರಿಂದ ಆಕೆಗೆ ಒಳ್ಳೆಯದೇ ಆಗಿರಬೇಕೆಂದು ಯಾರಾದರೂ ತಿಳಿದರೆ, ಸಂಸಾರಸ್ಥ ಹೆಂಗಸಿನ ದುಂಡನೆಯ ಅಕ್ಷರಕ್ಕೆ ಎಷ್ಟು ಜನ ಗಂಟುಬೀಳುತ್ತಾರೆಂಬುದು ಅವರಿಗೆ ಗೊತ್ತಿಲ್ಲವೆಂದೇ ಅರ್ಥ. ಗಂಡನ ರಜೆಯ ಅರ್ಜಿ ಆಕೆಯೇ ಬರೆಯಬೇಕು. ಹೌಸಿಂಗ್ ಸೊಸೈಟಿಯ ನೋಟೀಸು, ನಾದಿನಿಯ ಮಗಳ ಲಗ್ನಪತ್ರಿಕೆ, ಗ್ಯಾಸ್ ಕಂಪನಿಗೆ ಅತ್ತೆ ಕಳಿಸುವ ತಕರಾರು, ಎಲ್ಲವೂ ಆಕೆಯ ಪಾಲಿಗೇ ಬರುತ್ತಿದ್ದವು. ಪುಣೆಯ ಧನಕವಡಿಯ ಕಡೆ ಆಕೆ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಂತೂ ಪ್ರಿನ್ಸಿಪಾಲರು ಗಣರಾಜ್ಯೋತ್ಸವದಂದು ಯುವಕರಿಗೆ ಕೊಡುವ ಸಂದೇಶದಿಂದ ಹಿಡಿದು, ನೀರಿನ ಟಾಕಿ ತೊಳೆಯುವವನಿಗೆ ಕೊಡುವ ಎಚ್ಚರಿಕೆಯವರೆಗೆ ಎಲ್ಲವೂ ಆಕೆಯ ಕೈಯಿಂದಲೇ ಹೊರಡುತ್ತಿತ್ತು. ಕೇಳುವವರ ಮಾತೂ ಒಂದೇ: "ಎರಡ ಸಾಲ ಗೀಚಿ ಕೊಡ್ರಿ. ನಿಮಗೇನು, ಹತ್ತು ನಿಮಿಷದ ಕೆಲಸ." ಆ ಹತ್ತು ನಿಮಿಷಗಳನ್ನೆಲ್ಲ ಕೂಡಿಸಿದ್ದರೆ ಆಕೆ ಒಂದು ಡಾಕ್ಟರೇಟ್ ಮಾಡಬಹುದಿತ್ತು. ಕೂಡಿಸುವುದಕ್ಕೂ ಆಕೆಗೆ ಹತ್ತು ನಿಮಿಷ ಸಿಗಲಿಲ್ಲ.

ಇಷ್ಟೆಲ್ಲ ಬರೆಯುತ್ತಿದ್ದವಳಿಗೆ ಕಾಲೇಜಿನಲ್ಲಿ ತನ್ನದೆನ್ನುವ ಕುರ್ಚಿ ಇರಲಿಲ್ಲ. ಸ್ಟಾಫ್ ರೂಮಿನ ಉದ್ದನೆಯ ಮೇಜಿನ ತುದಿಯಲ್ಲಿ, ನೀರಿನ ಫಿಲ್ಟರಿನ ಪಕ್ಕ, ಯಾರು ನೀರು ಕುಡಿಯಲು ಬಂದರೂ ಎದ್ದು ದಾರಿ ಬಿಡಬೇಕಾದಲ್ಲಿ ಆಕೆಯ ಸ್ಥಾನ. ಬೇಸಿಗೆಯಲ್ಲಿ ಆಕೆ ಕೂರುತ್ತಲೇ ಇರಲಿಲ್ಲವೆಂದರೂ ನಡೆಯುತ್ತದೆ.

ತೊಂಬತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ ಪ್ರಿನ್ಸಿಪಾಲ್ ದಿಗಂಬರ ಸರ್ ಮುಂಬೈಗೆ ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದರು. ಬಂದವರೇ ಸ್ಟಾಫ್ ಮೀಟಿಂಗ್ ಕರೆದರು. ಅಲ್ಲಿ ಎಲ್ಲರೂ ಆಡಿದ್ದು ಮರಾಠಿಯಲ್ಲಿ. ಈ ಕಥೆಯಲ್ಲಿ ಅವರು ಧಾರವಾಡದವರಂತೆ ಮಾತಾಡಿದರೆ ಅದು ಅವರ ತಪ್ಪಲ್ಲ.

"ಈಗ ದೊಡ್ಡ ದೊಡ್ಡ ಕಾಲೇಜಿನಾಗ ಹುಡುಗರಿಗೆ ಟ್ರೇನಿಂಗ್ ಕೊಡತಾರಂತ," ಎಂದರು ದಿಗಂಬರ ಸರ್. "ಆ ಹುಡುಗರು ತಮ್ಮ ಜೋಡಿ ಕಲಿಯೋ ಹುಡುಗರಿಗೆ ಬರಿಯೋದು ಕಲಸ್ತಾರಂತ. ನಮ್ಮೊಳಗ ಯಾರಿಗಾದ್ರೂ ಇದರ ಬಗ್ಗೆ ಗೊತ್ತದ ಏನು?"

ಎಲ್ಲರೂ ಫ್ಯಾನ್ ನೋಡಿದರು. ಅರ್ಥಶಾಸ್ತ್ರದ ಪ್ರೊಫೆಸರು ಮಾತ್ರ ಭಾಮಾಬಾಯಿಯ ಕಡೆ ತಿರುಗಿ, "ಇಂಥಾ ಹೊಸಾ ವಿಚಾರ ಎಲ್ಲಾ ಹೆಣ್ಮಕ್ಕಳಿಗೆ ಎಲ್ಲಿ ಗೊತ್ತಿರಬೇಕು ಬಿಡ್ರಿ," ಎಂದು ನಕ್ಕರು. ಅವರು ಅಂದು ನಗದೇ ಇದ್ದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

"ನಾನು ಅದರಾಗ ಟ್ರೇನಿಂಗ್ ತಗೊಂಡೀನಿ," ಎಂದಳು ಭಾಮಾಬಾಯಿ.

ಇದು ಸುಳ್ಳಲ್ಲ. ನಿಜವೆಂದೂ ಹೇಳುವಂತಿಲ್ಲ. ಹಿಂದಿನ ವರ್ಷ ಶಿವಾಜಿನಗರದಲ್ಲಿ ಇದೇ ವಿಷಯದ ಮೇಲೆ ಒಂದು ದಿನದ ಶಿಬಿರ ನಡೆದಿತ್ತು. ಬೆಳಗಿನ ಅಧಿವೇಶನದಲ್ಲಿ ಹೇಳಿದ್ದು ಎರಡೇ ಮಾತು: ಬರೆಯುವವರ ಪೆನ್ನು ನೀವು ಮುಟ್ಟಕೂಡದು, ಅವರನ್ನು ಪ್ರಶ್ನೆ ಕೇಳಬೇಕು, ಕೇಳುತ್ತ ಹೋಗಬೇಕು. ಯಾರು ಓದುತ್ತಾರೆ, ಏನು ಹೇಳಬೇಕಾಗಿದೆ, ಈ ಶಬ್ದದಿಂದ ನಿನ್ನ ಮನಸ್ಸಿನಲ್ಲಿರುವುದೇನು ಎಂದು. ಮಧ್ಯಾಹ್ನದ ವಿಷಯ 'ಕೇಳುವುದನ್ನು ಎಲ್ಲಿ ನಿಲ್ಲಿಸಬೇಕು' ಎಂದಿತ್ತು. ಆದರೆ ಅಂದು ಮನೆಗೆ ಗ್ಯಾಸ್ ಸಿಲಿಂಡರ್ ಬರುವುದಿತ್ತು. ಅತ್ತೆ ಗಂಗೂಬಾಯಿಗೂ ಸಿಲಿಂಡರಿನವನಿಗೂ ಮುಖ ಕಂಡರೆ ಆಗುತ್ತಿರಲಿಲ್ಲ. ಇಬ್ಬರನ್ನೇ ಬಿಟ್ಟರೆ ಅವನು ಸಿಲಿಂಡರ್ ಹೊತ್ತುಕೊಂಡು ವಾಪಸು ಹೋಗುವುದು ಖಂಡಿತ. ಹೀಗಾಗಿ ಭಾಮಾಬಾಯಿ ಊಟದ ಶ್ರೀಖಂಡ ಮುಗಿಸಿ ಬಸ್ಸು ಹತ್ತಿದ್ದಳು.

ದಿಗಂಬರ ಸರ್ ಖುಷಿಯಾದರು. ಹಿಂದೆ ಟೇಬಲ್ ಟೆನ್ನಿಸ್ ಆಡುತ್ತಿದ್ದ, ಈಗ ಮುರಿದ ಬಾಕು, ಅಂದರೆ ಬೆಂಚುಗಳು, ತುಂಬಿದ್ದ ಕೋಣೆಯನ್ನು ಭಾಮಾಬಾಯಿಗೆ ಕೊಟ್ಟರು. ಕಿಟಕಿಯಿದ್ದ ಕೋಣೆ! ಒಂದು ಮೇಜು, ಒಂದು ಕುರ್ಚಿ! ಆದರೆ ಒಂದು ಷರತ್ತು: ಜನವರಿಯಲ್ಲಿ ಯುನಿವರ್ಸಿಟಿಯ ಕಮಿಟಿ ಬರುವುದಿದೆ. ಅವರ ಎದುರು ಹುಡುಗರು ಒಂದು ಪ್ರಾತ್ಯಕ್ಷಿಕೆ ಮಾಡಿ ತೋರಿಸಬೇಕು. ಕಮಿಟಿ ಮೆಚ್ಚಿದರೆ ಕೋಣೆ ಆಕೆಯದು. ಇಲ್ಲದಿದ್ದರೆ ಅಲ್ಲಿ ಝೆರಾಕ್ಸ್ ಮಶೀನು. ಮಶೀನು ದಿಗಂಬರ ಸರ್ ಅವರ ಸೋದರಳಿಯನದು. ಅದು ಆಗಲೇ ಕಾರಿಡಾರಿನಲ್ಲಿ ಗೋಣಿತಟ್ಟು ಹೊದ್ದುಕೊಂಡು ಕಾಯುತ್ತ ನಿಂತಿತ್ತು.

ಭಾಮಾಬಾಯಿ ಅಂದು ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಗಂಗೂಬಾಯಿ ಏನೂ ಅನ್ನದೆ ಉಂಡರು. ಸೊಸೆ ಒಲೆಯ ಮುಂದೆ ಗುನುಗುವುದನ್ನು ಅವರು ಕೇಳಿ ಬಹಳ ವರ್ಷವಾಗಿತ್ತು.

ಭಾಮಾಬಾಯಿ ಟ್ರೇನಿಂಗಿಗೆ ಆರಿಸಿಕೊಂಡ ಹುಡುಗರಲ್ಲಿ ಜಾಣರೆಂದರೆ ಸ್ನೇಹಲ್ ಮತ್ತು ಶಿವರಾಜ. ಸ್ನೇಹಲ್ ಬೆಳಗಾವಿಯ ಕಡೆಯ ಅರಿವೆ ಅಂಗಡಿಯವರ ಮಗಳು. ಗಿರಾಕಿಯ ಮನಸ್ಸಿನಲ್ಲಿ ಯಾವ ಸೀರೆಯಿದೆಯೆಂದು ಕೆದಕಿ ಕೆದಕಿ ಕೇಳುವ ಮನೆತನ. ಪ್ರಶ್ನೆ ಆಕೆಗೆ ರಕ್ತದಲ್ಲೇ ಬಂದಿತ್ತು. ಶಿವರಾಜ ಮಾತು ಕಡಿಮೆ. ಆದರೆ ಒಮ್ಮೆ "ಅಂದ್ರ?" ಎಂದು ಕೇಳಿ ಸುಮ್ಮನೆ ಕೂತನೆಂದರೆ ಎದುರಿನವರು ಹೆದರಿಕೊಂಡು ಇದ್ದದ್ದು ಇಲ್ಲದ್ದು ಎಲ್ಲ ಹೇಳಿಬಿಡುತ್ತಿದ್ದರು. ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರುವುದನ್ನು ಕಲಿತರು. ಕೇಳುವುದನ್ನು ಕಲಿತರು. ನಿಲ್ಲಿಸುವುದನ್ನು ಕಲಿಯಲಿಲ್ಲ, ಗುರುವಿಗೇ ಗೊತ್ತಿಲ್ಲದ ವಿದ್ಯೆ ಶಿಷ್ಯರಿಗೆಲ್ಲಿಂದ ಬರಬೇಕು?

ಮೊದಲ ವಾರವೇ ಒಬ್ಬ ಹುಡುಗ ಪ್ರೇಮಪತ್ರ ತಿದ್ದಿಸಲು ಬಂದ. 'ನೀನಿಲ್ಲದೆ ಬದುಕಲಾರೆ' ಎಂದು ಬರೆದಿದ್ದ. "ಈಗ ಆಕಿ ಇಲ್ಲದನ ಬದುಕೀಯಲ್ಲ?" ಎಂದಳು ಸ್ನೇಹಲ್. "ಅಂದ್ರ?" ಎಂದ ಶಿವರಾಜ. ಮೂರನೆಯ ಪ್ರಶ್ನೆಗೆ ಹುಡುಗ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಕ್ರಿಕೆಟ್ ಆಡಲು ಹೋದ. ಆ ಪತ್ರ ಸೇರಬೇಕಾಗಿದ್ದ ಹುಡುಗಿ ಖುಷಿಯಿಂದ ಸ್ನೇಹಲ್‌ಗೆ ಕ್ಯಾಂಟೀನಿನಲ್ಲಿ ಇಡ್ಲಿ ಕೊಡಿಸಿದಳು.

ಅಭ್ಯಾಸ ಸಾಲದೆಂದು ಭಾಮಾಬಾಯಿ ಭಾನುವಾರ ಇಬ್ಬರನ್ನೂ ಮನೆಗೇ ಕರೆದಳು. ಒಗ್ಗರಣೆ ಅವಲಕ್ಕಿ ತಟ್ಟೆಗೆ ಬೀಳುವಷ್ಟರಲ್ಲಿ ಕೆಳಗಿನ ಮನೆಯ ಹೊಳಬಸಪ್ಪ ಬಂದರು. ಬೆಲ್ಲದ ವ್ಯಾಪಾರಿ, ಸೊಸೈಟಿಯ ಚೇರ್ಮನ್.

"ವೈನಿ, ನೀರಿಂದ ಒಂದು ನೋಟೀಸ್ ಹಚ್ಚಬೇಕಾಗ್ಯದ. ಎರಡ ಸಾಲ ಗೀಚಿ ಕೊಡ್ರಿ."

ಭಾಮಾಬಾಯಿಯ ಬಲಗೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಎಡಗೈ ಅದನ್ನು ಹಿಡಿದು ಹಿಂದಕ್ಕೆಳೆಯಿತು. "ಇನ್ನ ಮ್ಯಾಲ ನಾ ಪೆನ್ನ ಮುಟ್ಟಂಗಿಲ್ರೀ. ನೀವ ಬರೀರಿ. ಈ ಹುಡುಗರು ಪಕ್ಕದಾಗ ಕೂಡತಾರ."

"ಯಾಕ್ರೀ ವೈನಿ, ಕೈಗೇನಾತು?"

"ಕೈಗೇನೂ ಆಗಿಲ್ಲ. ಟ್ರೇನಿಂಗ್ ಆಗ್ಯದ."

ಹೊಳಬಸಪ್ಪ ನಿಟ್ಟುಸಿರು ಬಿಟ್ಟು ಬರೆದರು: 'ಕೆಲವು ಸದಸ್ಯರು ನೀರನ್ನು ಅಪವ್ಯಯ ಮಾಡುತ್ತಿರುವುದು ಗಮನಕ್ಕೆ ಬಂದಿದೆ.'

"ಇದನ್ನ ಯಾರು ಓದತಾರ, ಕಾಕಾ?" ಸ್ನೇಹಲ್ ಕೇಳಿದಳು.

"ಎಲ್ಲಾರೂ."

"ಎಲ್ಲಾರೂ ಓದಿ, ಕೆಲವರು ಅಂದ್ರ ನಾವಲ್ಲ ಅಂತ ತಿಳಕೊಂಡ್ರ?"

ಹೊಳಬಸಪ್ಪ ಯೋಚನೆಗೆ ಬಿದ್ದರು. ವರ್ಷಾನುವರ್ಷ ನೋಟೀಸು ಹಚ್ಚಿಯೂ ಟಾಕಿ ಯಾಕೆ ತುಂಬುತ್ತಿಲ್ಲವೆಂಬ ರಹಸ್ಯ ಅವರಿಗೆ ಆ ಕ್ಷಣ ಹೊಳೆಯಿತು.

"ಗಮನಕ್ಕ ಬಂದದ, ಅಂದ್ರ?" ಎಂದ ಶಿವರಾಜ. ಎಂದು ಸುಮ್ಮನೆ ಕೂತ.

"ಅಂದ್ರ ನಾ ನೋಡೀನಪಾ! ಕಣ್ಣಾರೆ ನೋಡೀನಿ!"

"ಏನು ನೋಡಿದ್ರಿ, ಕಾಕಾ?"

ಮಾರನೆಯ ದಿನ ಮೆಟ್ಟಿಲ ಬುಡದಲ್ಲಿ ನೋಟೀಸು ಬಿತ್ತು: 'ಎರಡನೇ ಮಹಡಿಯ ಬಾಳಕೃಷ್ಣ ಅವರು ದಿನಾ ಬೆಳಿಗ್ಗೆ ತಮ್ಮ ಸ್ಕೂಟರಿಗೆ ಪೈಪು ಹಿಡಿದು ಜಳಕ ಮಾಡಿಸುತ್ತಾರೆ. ನಾನು ಮುಖ ತೊಳೆಯಲು ಚೊಂಬು ಹಿಡಿದು ನಿಂತಿರುತ್ತೇನೆ.'

ಬಾಳಕೃಷ್ಣನೆಂದರೆ ಭಾಮಾಬಾಯಿಯ ಗಂಡ.

"ನನ್ನ ಮನ್ಯಾಗ ಕೂತು, ನನ್ನ ಅವಲಕ್ಕಿ ತಿಂದು, ನನ್ನ ಮ್ಯಾಲ ನೋಟೀಸ್ ಬರದಾರ!" ಎಂದು ಆತ ಕೂಗಾಡಿದ.

"ಅವರು ಬರದಿಲ್ರೀ. ಬರೇ ಕೇಳ್ಯಾರ," ಎಂದಳು ಭಾಮಾಬಾಯಿ.

"ನೋಟೀಸ್ ಮಾತ್ರ ಭಾಳ ಛಲೋ ಅದ," ಎಂದರು ಗಂಗೂಬಾಯಿ. "ಹಿಂದಿನವು ಯಾವೂ ತಿಳೀತಿದ್ದಿಲ್ಲ."

ಆ ವಾರ ಟಾಕಿ ತುಂಬಿತು. ಆದರೆ ಮನೆಯಲ್ಲಿ ಮಾತು ನಿಂತಿತು. ನಿಂತ ಮಾತನ್ನು ಗಂಡನೇ ಮತ್ತೆ ಶುರು ಮಾಡಬೇಕಾಯಿತು, ಏಕೆಂದರೆ ಆತನಿಗೆ ರಜೆ ಬೇಕಾಗಿತ್ತು. ಆತ ಖಡಕಿಯ ಒಂದು ಆಫೀಸಿನಲ್ಲಿ ಕ್ಲಾರ್ಕ್. ಇಷ್ಟು ವರ್ಷ ಭಾಮಾಬಾಯಿ 'ಅನಿವಾರ್ಯ ಕೌಟುಂಬಿಕ ಕಾರಣಗಳಿಂದಾಗಿ' ಎಂದು ಬರೆಯುವುದು, ಆತ ಕೆಳಗೆ ಸಹಿ ಹಾಕುವುದು ರೂಢಿ.

"ಯಾವ ಕಾರಣ?" ಎಂದಳು ಈಗ, ಕೈ ಬೆನ್ನ ಹಿಂದಿಟ್ಟುಕೊಂಡು.

"ನಿನಗ ಗೊತ್ತಿಲ್ಲೇನು? ಬುಧವಾರ ಮ್ಯಾಚ್ ಅದ."

"ಮತ್ತ ಹಂಗ ಬರೀರಿ."

"ಹುಚ್ಚ ಹಿಡದದೇನು ನಿನಗ?"

"ಯಾರು ಓದತಾರ ಇದನ್ನ?"

"ಸಾಹೇಬ್ರು."

"ಸಾಹೇಬ್ರಿಗೆ ಮ್ಯಾಚ್ ಸೇರಂಗಿಲ್ಲೇನು?"

ಇದು ಬಾಳಕೃಷ್ಣನಿಗೆ ಎಂದೂ ಹೊಳೆಯದ ಪ್ರಶ್ನೆ. ಸಿಟ್ಟಿನಿಂದಲೇ ಇದ್ದದ್ದು ಇದ್ದಂತೆ ಬರೆದು ಒಯ್ದ; ನೌಕರಿ ಹೋದರೆ ಹೆಂಡತಿಗೆ ಬುದ್ಧಿ ಬರಲಿ ಎಂಬ ಹಟವೂ ಇತ್ತು. ಬುಧವಾರ ಬೆಳಿಗ್ಗೆ ಗಂಗೂಬಾಯಿ ಬಾಗಿಲು ತೆರೆದರೆ ಎದುರಿಗೆ ಸಾಹೇಬರೇ ನಿಂತಿದ್ದರು. ರಜೆ ಮಂಜೂರಾಗಿತ್ತು. ಅವರ ಮನೆಯ ಟಿವಿ ಕೆಟ್ಟಿತ್ತು. ಸಂಜೆಯವರೆಗೆ ಕೂತು, ಮೂರು ಸಲ ಮಿರ್ಚಿ ಭಜಿ ಕರಿಸಿ ತಿಂದು ಹೋದರು. ಬಾಳಕೃಷ್ಣ ಹೆಂಡತಿಯನ್ನು ಬೈಯಬೇಕೋ ಹೊಗಳಬೇಕೋ ತಿಳಿಯದೆ ಅಂದು ಬೇಗ ಮಲಗಿದ.

ಜನವರಿಯಲ್ಲಿ ಕಮಿಟಿ ಬಂತು.

ದಿಗಂಬರ ಸರ್ ಒಂದು ವಾರದಿಂದ ನಿದ್ದೆ ಮಾಡಿರಲಿಲ್ಲ. ಗೋಡೆಗೆ ಸುಣ್ಣ, ಕುಂಡಕ್ಕೆ ಕಾವಿ. ಆಟದ ಬಯಲಿನಲ್ಲಿ ನಿಲ್ಲುತ್ತಿದ್ದ ಸ್ಟಾಫಿನ ಸ್ಕೂಟರುಗಳೆಲ್ಲ ಅಂದು ಹಿಂದಿನ ಗಲ್ಲಿಗೆ ಹೋದವು. ಗ್ರಂಥಾಲಯವೊಂದೇ ಕೈಕೊಟ್ಟಿತು. ಗ್ರಂಥಪಾಲಕರು ಮಗಳ ಬಾಣಂತನಕ್ಕೆಂದು ಕೀಲಿಕೈ ಸಮೇತ ಊರಿಗೆ ಹೋದವರು ದೀಪಾವಳಿಯಿಂದ ಬಂದಿರಲಿಲ್ಲ; ಕಮಿಟಿ ಬರುವವರೆಗೆ ಯಾರೂ ಅದನ್ನು ಗಮನಿಸಿಯೂ ಇರಲಿಲ್ಲ. ಕಮಿಟಿಗೆ ಅದನ್ನು ಹೊರಗಿನಿಂದಲೇ ತೋರಿಸಿ, "ಒಳಗ ಪರೀಕ್ಷಾದ ಅಭ್ಯಾಸ ನಡದದ, ಸದ್ದಾಗಬಾರದು" ಎಂದು ಪಿಸುಗುಟ್ಟಿ, ಎಲ್ಲರನ್ನೂ ತುದಿಗಾಲಲ್ಲಿ ಊಟಕ್ಕೆ ಕರೆದೊಯ್ದರು.

ಊಟ ಪುರಣಪೋಳಿಯದು. ಅದರ ನಂತರ ಭಾಮಾಬಾಯಿಯ ಪ್ರಾತ್ಯಕ್ಷಿಕೆ. ಪ್ರಣವನೆಂಬ ಹುಡುಗ ಬಾಕಿನ ಮೇಲೆ ಕೂತು 'ನನ್ನ ಪ್ರಿಯ ಹಬ್ಬ' ಎಂದು ಬರೆಯುವುದು, ಸ್ನೇಹಲ್ ಮತ್ತು ಶಿವರಾಜ ಪಕ್ಕದಲ್ಲಿ ಕೂತು ಎರಡೇ ಎರಡು ಪ್ರಶ್ನೆ ಕೇಳುವುದು, ಚಪ್ಪಾಳೆ, ಚಹಾ. ಹೀಗೆಂದು ಆಕೆ ತಾಲೀಮು ಮಾಡಿಸಿದ್ದಳು. ಆದರೆ ಪ್ರಣವ ಊಟದ ಪಂಕ್ತಿಯಲ್ಲಿ ಬಡಿಸಲು ನಿಂತವನು ಅಲ್ಲಿಂದ ಕದಲಲಿಲ್ಲ. ಇತ್ತ ಕಮಿಟಿಯ ಅಧ್ಯಕ್ಷರಾದ ಮಧುಕರರಾಯರಿಗೆ ವರದಿ ಬರೆದು ಸಂಜೆಯ ರೈಲು ಹಿಡಿಯುವ ಅವಸರ. ಉಳಿದಿಬ್ಬರು ಸದಸ್ಯರು ಹೋಳಿಗೆಯ ಭಾರಕ್ಕೆ ಸೋಫಾ ಹುಡುಕಿಕೊಂಡು ಹೋಗಿದ್ದರು. ಶಾಂತವಾದ ಜಾಗ ಎಲ್ಲಿದೆಯೆಂದು ನೋಡುತ್ತ ಬಂದ ರಾಯರು ಆ ಕೋಣೆಯೊಳಗೆ ಕಾಲಿಟ್ಟು, ಪ್ರಣವನಿಗೆಂದು ಇಟ್ಟಿದ್ದ ಬಾಕಿನ ಮೇಲೆ ಕೂತು ಪೆನ್ನು ತೆಗೆದರು.

ಅಧ್ಯಕ್ಷರು ತಾವೇ ಪ್ರಾತ್ಯಕ್ಷಿಕೆಗೆ ಕೂತರೆಂದು ಸ್ನೇಹಲ್ ತಿಳಿದಳು. ಎಷ್ಟು ದೊಡ್ಡ ಮನುಷ್ಯ, ಎಷ್ಟು ಸರಳ! ಆಕೆ ಒಂದು ಪಕ್ಕ ಕೂತಳು, ಶಿವರಾಜ ಇನ್ನೊಂದು ಪಕ್ಕ. ಇಬ್ಬರ ಕೈಯೂ ಬೆನ್ನ ಹಿಂದೆ.

ದಿಗಂಬರ ಸರ್ ಮತ್ತು ಭಾಮಾಬಾಯಿ ಅಲ್ಲಿಗೆ ಬರುವಷ್ಟರಲ್ಲಿ ಮಾತು ಶುರುವಾಗಿತ್ತು. ತೆರೆದ ಕಿಟಕಿಯಿಂದ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಸರ್, ಇದನ್ನ ಯಾರು ಓದತಾರ?"

"ಯುನಿವರ್ಸಿಟಿ," ಎಂದರು ರಾಯರು, ತಲೆಯೆತ್ತದೆ.

"ಯುನಿವರ್ಸಿಟಿಯೊಳಗ ಯಾರು, ಸರ್?"

ಪೆನ್ನು ನಿಂತಿತು. "ಖರೇ ಹೇಳಬೇಕಂದ್ರ... ಯಾರೂ ಓದಂಗಿಲ್ಲ."

"ಯಾರರೆ ಓದತಾರ ಅಂತ ತಿಳದು ಬರದ್ರ ಏನ್ ಬರೀತಿದ್ರಿ?"

ಕಿಟಕಿಯ ಹೊರಗೆ ದಿಗಂಬರ ಸರ್ ಭಾಮಾಬಾಯಿಯ ಕಡೆ ನೋಡಿದರು. "ಇದು ಪ್ರಾತ್ಯಕ್ಷಿಕಾದಾಗ ಇತ್ತೇನ್ರೀ, ಮ್ಯಾಡಮ್?"

"ಹೆಚ್ಚು ಕಡಿಮಿ ಇತ್ರಿ."

"ಗ್ರಂಥಾಲಯ ಸಮರ್ಪಕವಾಗಿದೆ," ಎಂದು ಶಿವರಾಜ ಕಾಗದ ನೋಡಿ ಓದಿದ. "ಸಮರ್ಪಕ, ಅಂದ್ರ?"

ಎಂದು ಸುಮ್ಮನೆ ಕೂತ. ಆ ಮೌನ ಕಿಟಕಿಯಿಂದ ಹೊರಗೆ ಬಂದು ದಿಗಂಬರ ಸರ್ ಅವರ ಕುತ್ತಿಗೆಗೆ ಸುತ್ತಿಕೊಂಡಿತು.

"ಅಂದ್ರ... ಛಲೋ ಅದ," ಎಂದರು ರಾಯರು.

"ಏನ್ ನೋಡಿದ್ರಿ, ಸರ್, ಅಲ್ಲೆ?" ಸ್ನೇಹಲ್ ಕೇಳಿದಳು.

"ಬಾಗಿಲಾ ನೋಡಿದೆ."

"ಬಾಗಿಲಾ ಹೆಂಗಿತ್ರಿ?"

"ಕೀಲಿ ಹಾಕಿತ್ತು." ರಾಯರು ಕನ್ನಡಕ ತೆಗೆದರು. "ಅಲ್ಲವಾ ತಂಗಿ, ಒಳಗ ಹುಡುಗರು ಓದಲಿಕ್ಕೆ ಕೂತಿದ್ರ ಹೊರಗಿಂದ ಕೀಲಿ ಯಾಕ ಹಾಕ್ತಾರ?"

"ಅದನ್ನ ನೀವ ಹೇಳಬೇಕ್ರಿ. ನಾವು ಬರೇ ಕೇಳೋರು."

ದಿಗಂಬರ ಸರ್ ಗೋಡೆ ಹಿಡಿದುಕೊಂಡರು. ಹಸಿ ಸುಣ್ಣ ಅಂಗೈಗೆ ಹತ್ತಿತು. "ಒಳಗ ಹೋಗ್ರಿ, ಮ್ಯಾಡಮ್! ನಿಲ್ಲಸ್ರಿ ಅವರನ್ನ!"

ನಿಲ್ಲಿಸುವುದು! ಭಾಮಾಬಾಯಿ ಕೋಣೆಯ ಕಡೆ ನೋಡಿದಳು: ಕಿಟಕಿ, ಮೇಜು, ಆಕೆಯದೇ ಆದ ಕುರ್ಚಿ. ಆರು ತಿಂಗಳ ಸುಖ. ಕಾರಿಡಾರಿನಲ್ಲಿ ಝೆರಾಕ್ಸ್ ಮಶೀನು ಗೋಣಿತಟ್ಟಿನ ಸಂದಿಯಿಂದ ಇಣುಕುತ್ತಿರುವಂತೆ ಕಂಡಿತು. ಆಕೆ ಧೈರ್ಯ ಮಾಡಿ ಬಾಗಿಲು ಸರಿಸಿದಳು. ರಾಯರು ತಲೆಯೆತ್ತದೆ ಎಡಗೈ ಮೇಲೆ ಮಾಡಿದರು.

"ಒಂದ ನಿಮಿಷ ನಿಲ್ರಿ ಬಾಯಿಯವರ, ವಾಕ್ಯ ಮುಗಿದಿಲ್ಲ."

ಆಕೆ ಬಾಗಿಲು ಮುಚ್ಚಿಕೊಂಡು ಹಿಂದೆ ಬಂದಳು.

"ಏನಾತು?"

"ವಾಕ್ಯ ಮುಗಿದಿಲ್ಲಂತ್ರಿ."

"ಅವರಿಗೆ ನಿಲ್ಲಸೋದು ಕಲಸಿಲ್ಲೇನು ನೀವು?"

"ಅದು ಮಧ್ಯಾಹ್ನದಾಗಿತ್ರಿ, ಸರ್."

"ಈಗ ಮಧ್ಯಾಹ್ನನೇ ಅಲ್ಲೇನ್ರೀ!" ಎಂದು ದಿಗಂಬರ ಸರ್ ಬಹುತೇಕ ಅತ್ತರು.

ಒಳಗೆ 'ವಿಶಾಲವಾದ ಆಟದ ಬಯಲು' ಎಂಬಲ್ಲಿಗೆ ಬಂದಿದ್ದರು. ಬಯಲಿನಲ್ಲಿ ಏನು ಕಂಡಿತೆಂದು ಸ್ನೇಹಲ್ ಕೇಳಿದಳು. ಸಾಲಾಗಿ ಎಣ್ಣೆಯ ಕಲೆ ಕಂಡವೆಂದರು ರಾಯರು. ಯಾವ ಆಟದಲ್ಲಿ ನೆಲಕ್ಕೆ ಎಣ್ಣೆ ಬೀಳುತ್ತದೆಂದು ಶಿವರಾಜ ಕೇಳಲಿಲ್ಲ, ಬರೀ "ಅಂದ್ರ?" ಎಂದ. ರಾಯರು ಮೊದಲು ಬರೆದದ್ದನ್ನು ಹರಿದುಹಾಕಿ ಹೊಸ ಹಾಳೆ ತೆಗೆದುಕೊಂಡರು. ಸಂಜೆಯ ರೈಲು ಹೋಯಿತು. ಅವರು ಗಡಿಯಾರ ನೋಡಲೇ ಇಲ್ಲ. ಬರೆಯುತ್ತ ಒಮ್ಮೊಮ್ಮೆ ಸಣ್ಣಗೆ ನಗುತ್ತಿದ್ದರು.

ಕೊನೆಗೆ ಬಾಗಿಲು ತೆರೆದು ಹೊರಗೆ ಬಂದರು. ಕಿವಿಯ ಮೇಲೆ ಪೆನ್ನು, ಬೆರಳಿಗೆಲ್ಲ ಶಾಯಿ.

"ಈ ಹುಡುಗರನ್ನ ತಯಾರ್ ಮಾಡಿದವರು ಯಾರು?"

ದಿಗಂಬರ ಸರ್ ಎರಡು ಹೆಜ್ಜೆ ಹಿಂದೆ ಸರಿದರು. "ಭಾಮಾ ಮ್ಯಾಡಮ್. ಒಬ್ಬರ. ನಮಗ ಯಾರಿಗೂ ಇದರಾಗ ಏನೂ ಸಂಬಂಧ ಇಲ್ರಿ."

"ಭಾಳ ಛಂದ ತಯಾರ್ ಮಾಡೀರಿ, ಬಾಯಿಯವರ. ಮೂವತ್ತು ವರ್ಷ ಆತು ನಾ ವರದಿ ಬರಿಯಾಕತ್ತು. ನಾ ಏನ್ ಬರದೀನಿ ಅಂತ ಇವತ್ತ ಮೊದಲನೇ ಸಲ ನನಗ ತಿಳೀತು."

ದಿಗಂಬರ ಸರ್ ಮೂರು ಹೆಜ್ಜೆ ಮುಂದೆ ಬಂದರು. "ಖೋಲಿ ಕೊಟ್ಟಾಂವ ನಾನ ರೀ, ಸರ್."

"ನಿಮ್ಮ ಬಗ್ಗೇನೂ ಬರದೀನಿ," ಎಂದರು ರಾಯರು.

ವರದಿ ಫೆಬ್ರವರಿಯಲ್ಲಿ ಬಂತು. ಗ್ರಂಥಾಲಯಕ್ಕೆ ಬೀಗ ಏಕೆ, ಆಟದ ಬಯಲಿನಲ್ಲಿ ಸ್ಕೂಟರುಗಳು ಏಕೆ ಎಂದು ಪ್ರಿನ್ಸಿಪಾಲರು ಲಿಖಿತ ವಿವರಣೆ ಕೊಡತಕ್ಕದ್ದು. ಕಾಲೇಜಿನಲ್ಲಿ ಒಂದು ಕೋಣೆಯಲ್ಲಿ ಮಾತ್ರ ವಿದ್ಯೆ ನಡೆಯುತ್ತಿರುವುದು ಕಂಡುಬಂತು. ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸಕೂಡದು. ಅದೇ ದಿನ ಝೆರಾಕ್ಸ್ ಮಶೀನು ಟೆಂಪೋ ಹತ್ತಿತು. ಅರ್ಥಶಾಸ್ತ್ರದ ಪ್ರೊಫೆಸರು ಆ ಕೋಣೆಯ ಮುಂದೆ ಹಾಯುವಾಗ ಹೆಜ್ಜೆ ಬೇಗ ಬೇಗ ಇಡತೊಡಗಿದರು; ಒಳಗಿನಿಂದ ಯಾರಾದರೂ ಏನಾದರೂ ಕೇಳಿಬಿಟ್ಟರೆ ಎಂಬ ಭಯ.

ಎರಡು ದಿನ ಬಿಟ್ಟು, ಇಳಿಹೊತ್ತಿನಲ್ಲಿ ದಿಗಂಬರ ಸರ್ ಬಂದರು. ಕೈಯಲ್ಲಿ ಬಿಳಿಯ ಹಾಳೆ. ಭಾಮಾಬಾಯಿ ತನ್ನ ಕುರ್ಚಿಯಲ್ಲಿ ಕೂತು ಕಿಟಕಿಯ ಗಾಳಿಗೆ ಚಹಾ ಆರಿಸಿಕೊಳ್ಳುತ್ತಿದ್ದಳು.

"ಮ್ಯಾಡಮ್, ವಿವರಣೆ ಕೊಡಬೇಕಾಗ್ಯದ. ನಿಮಗ ಗೊತ್ತಲ್ಲ..." ಎಂದು ಹಾಳೆ ಮುಂದೆ ಚಾಚಿದರು. ಭಾಮಾಬಾಯಿ ಎದ್ದು ನಿಂತು, ತುಂಬ ಮರ್ಯಾದೆಯಿಂದ, ಬಾಕು ತೋರಿಸಿದಳು.

"ಕೂಡ್ರಿ, ಸರ್."

ಅವರು ಕೂತರು. ಸ್ನೇಹಲ್ ಬಂದು ಪಕ್ಕದಲ್ಲಿ ಕೂತಳು. ಕೈ ಎಲ್ಲಿಟ್ಟುಕೊಂಡಳೆಂದು ಹೇಳಬೇಕಾಗಿಲ್ಲ. ದಿಗಂಬರ ಸರ್ ಒಂದು ಸಾಲು ಬರೆದರು, ಹೊಡೆದುಹಾಕಿದರು. ಮತ್ತೊಂದು ಬರೆದರು. ಸ್ನೇಹಲ್ ಏನೋ ಕೇಳಿದಳು. ಅವರು ಸಿಟ್ಟಾದರು. ಆಕೆ ಮತ್ತೊಂದು ಕೇಳಿದಳು. ಅವರು ತಲೆ ಕೆರೆದುಕೊಂಡು, "ಖರೇ ಅಂದ್ರ ನಾ ಈ ಕಾಲೇಜಿಗೆ ಬಂದ ಮ್ಯಾಲ ಒಂದು ದಿವಸನೂ ಗ್ರಂಥಾಲಯದಾಗ ಕಾಲ ಇಟ್ಟಿಲ್ಲವಾ," ಎಂದರು. ಹೇಳಿದ ಮೇಲೆ ಅವರಿಗೇ ಹಗುರವಾದಂತೆ ಕಂಡಿತು. ಅದನ್ನೇ ಬರೆಯತೊಡಗಿದರು.

ಐದು ಬಡಿಯಿತು. ಭಾಮಾಬಾಯಿ ಚಹಾದ ಕಪ್ಪು ತೊಳೆದಿಟ್ಟಳು, ಪರ್ಸು ತೆಗೆದುಕೊಂಡಳು, ಕೋಣೆಯ ಕೀಲಿಕೈಯನ್ನು ದಿಗಂಬರ ಸರ್ ಅವರ ಮೊಣಕೈಯ ಹತ್ತಿರ ಇಟ್ಟಳು.

"ನನ್ನ ಬಸ್ಸಿನ ಹೊತ್ತಾತು, ಸರ್. ಬರದು ಆದ ಮ್ಯಾಲ ಫ್ಯಾನ್ ಬಂದ್ ಮಾಡಿ, ಕೀಲಿ ಹಾಕ್ರಿ. ನಾಳೆ ಮುಂಜಾನೆ ನನ್ನ ಕೈಯಾಗ ತಂದುಕೊಡ್ರಿ."

"ಆತ್ರೀ ಮ್ಯಾಡಮ್," ಎಂದರು ಪ್ರಿನ್ಸಿಪಾಲರು, ಹಾಳೆಯಿಂದ ತಲೆಯೆತ್ತದೆ.